ಅರ್ಧಗಂಟೆಯವರ ಜನರೇಟರ್

ಅವರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಊರಿನ ಪಾಲಿಗೆ ಅವರು ಅರ್ಧಗಂಟೆಯವರು. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಮೇಜು, ಅದೇ ಕಪ್ಪು ಫೋನು. ಕರೆಂಟು ಹೋಯಿತೆಂದು ಯಾರೇ ಫೋನು ಮಾಡಲಿ, ಅವರ ಉತ್ತರ ಒಂದೇ: "ಅರ್ಧ ಗಂಟೆಯಲ್ಲಿ ಬರುತ್ತೆ." ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿದ್ದರೂ ಅರ್ಧ ಗಂಟೆ, ಕಂಬವೇ ಮುರಿದು ರಸ್ತೆಗೆ ಅಡ್ಡಡ್ಡ ಮಲಗಿದ್ದರೂ ಅರ್ಧ ಗಂಟೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಕರೆಂಟು ಯಾವಾಗ ಬರುತ್ತದೆಂದು ಆ ಕಚೇರಿಯಲ್ಲಿ ಯಾರೂ ಅವರಿಗೆ ಯಾವತ್ತೂ ಹೇಳಿದ್ದಿಲ್ಲ. ಕೇಳಿದವರಿಗೆ ಏನಾದರೂ ಹೇಳಬೇಕಲ್ಲ, ಹೇಳುತ್ತಿದ್ದರು.

ಇಂಥ ಅರ್ಧಗಂಟೆಯವರಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ಆ ಫೋನಿನಿಂದ ಬಿಡುಗಡೆ. ಕಚೇರಿಯ ಹಿಂದಿನ ಉಗ್ರಾಣದ ಮೇಲ್ವಿಚಾರಕರು ನಿವೃತ್ತರಾಗಿ ಆ ಜಾಗ ಖಾಲಿ ಬಿದ್ದಿತ್ತು. ಉಗ್ರಾಣ ತಂಪಾಗಿತ್ತು, ತಂತಿ ಸುರುಳಿಗಳ ನಡುವೆ ಒಂದು ಹಳೆಯ ಆರಾಮ ಕುರ್ಚಿಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಫೋನು ಇರಲಿಲ್ಲ. ಬಡ್ತಿಯ ಫೈಲು ಆಗಲೇ ಸಾಹೇಬರ ಮೇಜು ತಲುಪಿತ್ತು. ಬರುವ ಗುರುವಾರ ಸಮಿತಿ ಕೂತು ತೀರ್ಮಾನ ಮಾಡಬೇಕು. ಅರ್ಧಗಂಟೆಯವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಗುರುವಾರಕ್ಕೆ ಕೆಂಪು ಶಾಯಿಯಲ್ಲಿ ಮೂರು ಸುತ್ತು ಹಾಕಿ, ಬೆಳಿಗ್ಗೆ ಸಂಜೆ ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಇಷ್ಟರಲ್ಲಿ ಒಂದು ಮಧ್ಯಾಹ್ನ ದೂರು ವಿಭಾಗದ ಫೋನು ಹೊಡೆದುಕೊಂಡಿತು.

"ಹಲೋ, ಕರೆಂಟ್ ಹೋಗಿ ಎರಡು ಗಂಟೆ ಆಯ್ತು. ಫ್ರಿಜ್ಜಿನಲ್ಲಿ ಹಾಲು ಒಡೀತಾ ಇದೆ, ನಮ್ಮಮ್ಮ ಸೆಕೆಗೆ ಬೇಯ್ತಾ ಇದ್ದಾರೆ," ಎಂದಿತು ಒಂದು ಹೆಣ್ಣುದನಿ.

"ಅರ್ಧ ಗಂಟೆಯಲ್ಲಿ ಬರುತ್ತೆ ಅಮ್ಮಾ."

"ರೀ, ನಾನು ಕಣ್ರೀ!"

"ಯಾರಾದ್ರೂ ಆಗ್ಲಿ ಅಮ್ಮಾ, ಎಲ್ರಿಗೂ ಒಂದೇ ನಿಯಮ," ಎಂದು ಅರ್ಧಗಂಟೆಯವರು ಫೋನು ಇಟ್ಟರು.

ಅದು ತಮ್ಮ ಹೆಂಡತಿಯ ದನಿ ಎಂಬುದು ಅವರಿಗೆ ಗೊತ್ತಾದದ್ದು ಸಂಜೆ ಮನೆಯ ಬಾಗಿಲು ತಟ್ಟಿದಾಗ. ಒಳಗಿನಿಂದ "ಅರ್ಧ ಗಂಟೆಯಲ್ಲಿ ತೆಗೀತೀನಿ" ಎಂಬ ಉತ್ತರ ಬಂತು. ಹೇಳಿದ ಮಾತಿಗೆ ಆಕೆ ಗಂಡನಂತಲ್ಲ, ಸರಿಯಾಗಿ ಅರ್ಧ ಗಂಟೆಗೆ ತೆಗೆದಳು. ಒಳಗೆ ಅತ್ತೆಯವರು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಅಳಿಯನನ್ನು ನೋಡಿ ಬೀಸುವುದನ್ನು ಇನ್ನಷ್ಟು ಜೋರು ಮಾಡಿದರು. "ಅಳಿಯಂದ್ರು ವಿದ್ಯುತ್ ಇಲಾಖೆಯಲ್ಲಿದ್ದಾರೆ ಅಂತ ನಾವು ಹೆಣ್ಣು ಕೊಟ್ವಿ," ಎಂದು ಗೋಡೆಗೆ ಹೇಳಿದರು. ಗೋಡೆಗೆ ಹೇಳಿದ್ದು ಅಳಿಯಂದಿರಿಗೆ ಚೆನ್ನಾಗಿಯೇ ತಾಗಿತು.

ಶನಿವಾರ ಅರ್ಧಗಂಟೆಯವರು ತಲೆಗೆ ಟೋಪಿ ಹಾಕಿ, ಊರಿನ ಆ ತುದಿಯ ಅಂಗಡಿಗೆ ಹೋಗಿ ಒಂದು ಪುಟ್ಟ ಜನರೇಟರ್ ಕೊಂಡರು. ಕೈಯಲ್ಲಿ ಎತ್ತಿಕೊಂಡು ಹೋಗಬಹುದು ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ಯಾರ ಕೈ ಎಂದು ಬರೆದಿರಲಿಲ್ಲ.

"ಎಲ್ಲಿ ಕೆಲಸ ಸ್ವಾಮಿ ತಮಗೆ?" ಎಂದು ಅಂಗಡಿಯವನು ರಸೀದಿ ಬರೆಯುತ್ತ ಕೇಳಿದ.

"ಗ್ರಂಥಾಲಯದಲ್ಲಿ," ಎಂದರು ಅರ್ಧಗಂಟೆಯವರು.

"ಒಂದು ಮಾತು ನೆನಪಿಟ್ಕೊಳ್ಳಿ. ಮನೆ ಒಳಗೆ ಮಾತ್ರ ಹಚ್ಚಬೇಡಿ. ಇದರ ಹೊಗೆಯಲ್ಲಿರೋ ವಿಷ ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಮಲಗಿದವರು ಮಲಗಿದ ಹಾಗೇ ಹೋಗಿಬಿಡ್ತಾರೆ. ಬಯಲಲ್ಲಿ, ಕಿಟಕಿ ಬಾಗಿಲಿಂದ ದೂರ ಇಡಿ."

ಅರ್ಧಗಂಟೆಯವರು ಹೂಂ ಎಂದರು. ಆದರೆ ಅವರ ಕಷ್ಟ ಅವರಿಗೆ. ವಿದ್ಯುತ್ ಕಚೇರಿಯ ದೂರು ಗುಮಾಸ್ತನೇ ಮನೆಯಲ್ಲಿ ಜನರೇಟರ್ ಇಟ್ಟುಕೊಂಡಿದ್ದಾನೆ ಎಂಬ ಸುದ್ದಿ ಸಾಹೇಬರ ಕಿವಿಗೆ ಬಿದ್ದರೆ ಬಡ್ತಿಯ ಫೈಲಿಗೆ ಎಳ್ಳುನೀರು. ಅದನ್ನು ಬಯಲಲ್ಲಿ ಇಡುವುದೂ ಒಂದೇ, ಕಚೇರಿಯ ನೋಟಿಸ್ ಬೋರ್ಡಿನ ಮೇಲೆ ಇಡುವುದೂ ಒಂದೇ. ಪೆಟ್ರೋಲು ಬಂಕಿನಲ್ಲಿ ಪದೇ ಪದೇ ಮುಖ ತೋರಿಸಬಾರದೆಂದು ಒಂದೇ ಸಲಕ್ಕೆ ನಾಲ್ಕು ಕ್ಯಾನು ತುಂಬಿಸಿ ತಂದು ಹಿತ್ತಲಿನ ಗೋಡೆಯ ನೆರಳಿನಲ್ಲಿ ಸಾಲಾಗಿ ಇಟ್ಟರು. ಜನರೇಟರಿಗೆ ಕಂಬಳಿ ಹೊದಿಸಿ ಬಚ್ಚಲುಮನೆಯಲ್ಲಿ ಕೂರಿಸಿದರು.

ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಅರ್ಧಗಂಟೆಯವರು ಬಚ್ಚಲಿನ ಬಾಗಿಲು ಹಾಕಿಕೊಂಡು ಹಗ್ಗ ಎಳೆದರು. ಏಳನೆಯ ಎಳೆತಕ್ಕೆ ಅದು ಹೊತ್ತಿಕೊಂಡು, ಬಕೆಟ್ಟು ಚೊಂಬುಗಳೆಲ್ಲ ಕುಣಿಯುವಂತೆ ಅಬ್ಬರಿಸಿತು. ಎರಡೇ ನಿಮಿಷಕ್ಕೆ ಬಾಗಿಲ ಸಂದಿಯಿಂದ ಹೊಗೆ ನುಗ್ಗಿ ಅತ್ತೆಯವರು ಕೆಮ್ಮತೊಡಗಿದರು.

"ಅಯ್ಯೋ, ಅಳಿಯಂದ್ರು ನನ್ನ ಮುಗಿಸೋಕೆ ಯಂತ್ರಾನೇ ತಂದುಬಿಟ್ರಲ್ಲೇ!"

ಹೆಂಡತಿ ಬಾಗಿಲು ಒದ್ದು ತೆರೆದಳು. ಒಳಗೆ ಗಂಡ ತಲೆ ಗಿರ್ರೆಂದು ಗೋಡೆ ಹಿಡಿದು ನಿಂತಿದ್ದ. ಆಕೆ ಯಂತ್ರವನ್ನು ಆರಿಸಿ, ಮೊದಲು ಗಂಡನನ್ನು, ಆಮೇಲೆ ಅದನ್ನು ಹಿತ್ತಲಿಗೆ ದರದರ ಎಳೆದು ಹಾಕಿದಳು. "ಮಾನ ಹೋದ್ರೆ ಹೋಗ್ಲಿ, ಪ್ರಾಣ ಇದ್ರೆ ಸಾಕು," ಎನ್ನುತ್ತ ತಾನೇ ಹಗ್ಗ ಎಳೆದಳು. ಅದು ಮೊದಲನೆಯ ಎಳೆತಕ್ಕೇ ಹೊತ್ತಿಕೊಂಡಿತು.

ಸದ್ದಿಗೆ ಪಕ್ಕದ ಗೋಡೆಯ ಮೇಲೆ ಒಂದು ತಲೆ ಮೂಡಿತು. ಅದು ಮೇಷ್ಟ್ರದು. ಮೇಷ್ಟ್ರು ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಈಗ ಕಲಿಸಲು ಮಕ್ಕಳಿಲ್ಲದೆ ಬೀದಿಯವರ ಬದುಕನ್ನೇ ಲೆಕ್ಕ ಮಾಡಿ ಬಿಡಿಸುತ್ತಿದ್ದರು.

"ಇದೇನು ಸ್ವಾಮಿ? ನಿಮ್ಮನೇಲಿ ಜನರೇಟರ್ರಾ?"

ಅರ್ಧಗಂಟೆಯವರು ಗೋಡೆಯ ಬುಡಕ್ಕೆ ಓಡಿದರು. "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬೇಡಿ. ಮೇಲಿನವರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

ಇಷ್ಟು ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಮೇಷ್ಟ್ರ ಕಣ್ಣು ಜನರೇಟರಿನಿಂದ ಕ್ಯಾನುಗಳಿಗೆ ಹೋಯಿತು, ಕ್ಯಾನುಗಳಿಂದ ಅಡುಗೆಮನೆಯ ಕಿಟಕಿಗೆ, ಕಿಟಕಿಯಿಂದ ಕ್ಯಾಲೆಂಡರಿಗೆ. ಇಲಾಖೆಯ ಒಳಗಿನ ಮನುಷ್ಯ. ಗುಟ್ಟಾಗಿ ತಂದ ಜನರೇಟರ್. ದಿನಕ್ಕೊಂದು ಕ್ಯಾನಿನಂತೆ ನಾಲ್ಕು ಕ್ಯಾನು. ಗುರುವಾರಕ್ಕೆ ಕೆಂಪು ಸುತ್ತು, ಅದೂ ಮೂರು. ಮೇಷ್ಟ್ರಿಗೆ ಲೆಕ್ಕ ಬಿಡಿಸಲು ಕಾಗದ ಪೆನ್ಸಿಲ್ಲೂ ಬೇಕಾಗಲಿಲ್ಲ.

"ನಾನು ಯಾರಿಗೆ ಹೇಳಲಿ ಬಿಡಿ," ಎಂದು ತಲೆ ಗೋಡೆಯ ಆಚೆ ಇಳಿಯಿತು. ಇಳಿದ ತಲೆ ನೆಟ್ಟಗೆ ಬೀದಿ ಮೂಲೆಯ ಐಸ್‌ಕ್ರೀಂ ಅಂಗಡಿಯಲ್ಲಿ ಎದ್ದಿತು.

"ಗುರುವಾರದಿಂದ ನಾಲ್ಕು ದಿನ ಊರಿಗೆ ಊರೇ ಕತ್ತಲೆ. ಮೂಲ ಕೇಳಬೇಡಿ," ಎಂದರು ಮೇಷ್ಟ್ರು.

ಐಸ್‌ಕ್ರೀಂ ಅಂಗಡಿಯವನು ಮೂಲ ಕೇಳಲಿಲ್ಲ. ಸೋಮವಾರ ಬೆಳಿಗ್ಗೆಯೇ ತನ್ನ ಸರಕನ್ನೆಲ್ಲ ಅರ್ಧ ಬೆಲೆಗೆ ಇಟ್ಟ. ಚಳಿಗಾಲದಲ್ಲೂ ಬೆಲೆ ಇಳಿಸದ ಮನುಷ್ಯ ಸುಡುಬಿಸಿಲಲ್ಲಿ ಇಳಿಸಿದ್ದಾನೆಂದರೆ ಸುದ್ದಿಗೆ ಬೇರೆ ಸಾಕ್ಷಿ ಬೇಕೆ? ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಒಂದು ಕೈಯಲ್ಲಿ ಐಸ್‌ಕ್ರೀಂ, ಇನ್ನೊಂದು ಕೈಯಲ್ಲಿ ಖಾಲಿ ಕ್ಯಾನು ಹಿಡಿದು ಪೆಟ್ರೋಲು ಬಂಕಿನ ಮುಂದೆ ನಿಂತಿತ್ತು. ಊರ ತುದಿಯ ಅಂಗಡಿಯಲ್ಲಿ ಜನರೇಟರುಗಳು ಸಂಜೆಯೊಳಗೆ ಖಾಲಿ. ಸಿಗದವರು ಸಿಕ್ಕವರ ಮನೆಯ ನೆಂಟಸ್ತನವನ್ನು ಹೊಸದಾಗಿ ನೆನಪು ಮಾಡಿಕೊಂಡರು.

ದೂರು ವಿಭಾಗದ ಫೋನಿಗೆ ಬಿಡುವೇ ಇಲ್ಲದಂತಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಜನ ಕರೆಂಟು ಯಾವಾಗ ಬರುತ್ತದೆ ಎನ್ನುವುದನ್ನು ಬಿಟ್ಟು ಯಾವಾಗ ಹೋಗುತ್ತದೆ ಎಂದು ಕೇಳುತ್ತಿದ್ದರು.

"ಇಲ್ಲ ಸ್ವಾಮಿ, ಹೋಗಲ್ಲ. ಎಲ್ಲ ಗಾಳಿಸುದ್ದಿ," ಎಂದು ಅರ್ಧಗಂಟೆಯವರು ಗಂಟಲು ಹರಿಯುವಂತೆ ಹೇಳಿದರು.

"ಹೌದಾ? ಹೋಗಲ್ಲ ಅಂತ ನೀವೇ ಹೇಳ್ತಾ ಇದ್ದೀರಾ?"

"ನಾನೇ ಹೇಳ್ತಾ ಇದ್ದೀನಿ."

"ಹಾಗಾದ್ರೆ ಖಂಡಿತ ಹೋಗುತ್ತೆ," ಎಂದು ಆ ಕಡೆಯವರು ಬಂಕಿಗೆ ಓಡುತ್ತಿದ್ದರು. ಆ ಫೋನಿನಲ್ಲಿ ಬಂದ ಮಾತು ನಿಜವಾದ ಉದಾಹರಣೆ ಊರಿನಲ್ಲಿ ಒಂದೂ ಇರಲಿಲ್ಲ.

ಮಂಗಳವಾರ ಸಾಹೇಬರಿಂದ ಕರೆ ಬಂತು. ಅರ್ಧಗಂಟೆಯವರು ಒಳಗೆ ಹೋಗುತ್ತಲೇ ಸಾಹೇಬರು ಎದ್ದು ತಾವೇ ಬಾಗಿಲು ಮುಚ್ಚಿದರು. ಮೇಜಿನ ಮೇಲೆ ಬಡ್ತಿಯ ಫೈಲು ಕೆಂಪು ದಾರ ಕಟ್ಟಿಕೊಂಡು ಮಲಗಿತ್ತು.

"ಎಲ್ಲಾ ಗೊತ್ತಾಯ್ತು ಕಣ್ರೀ. ನಿಮ್ಮನೇಲಿ ಜನರೇಟರ್ ಇದೆಯಂತೆ."

"ತಪ್ಪಾಯ್ತು ಸಾರ್," ಎಂದರು ಅರ್ಧಗಂಟೆಯವರು.

"ತಪ್ಪೇ ತಪ್ಪು! ಇಲ್ಲಿ ನಾನೊಬ್ಬ ಮುಖ್ಯಸ್ಥ ಅಂತ ಕೂತಿದ್ದೀನಿ. ನಾಲ್ಕು ದಿನ ಕರೆಂಟ್ ತೆಗೀತಾರೆ ಅನ್ನೋದು ನಿಮಗೆ ಗೊತ್ತು, ಆ ಐಸ್‌ಕ್ರೀಂನವನಿಗೆ ಗೊತ್ತು, ನನ್ನ ಹೆಂಡತಿಗೂ ಗೊತ್ತು. ನನಗೆ ಗೊತ್ತಿಲ್ಲ! ಹೆಡ್ಡಾಫೀಸಿನಲ್ಲಿ ಯಾರ್ರೀ ನಿಮಗೆ ಹೇಳಿದ್ದು?"

"ಸಾರ್, ಅಂಥದ್ದೇನೂ ಇಲ್ಲ. ನಾನು ಸುಮ್ನೆ ಮನೆಗೆ ಅಂತ..."

"ನನ್ನ ಹತ್ರಾನೇ ಗುಟ್ಟಾ?" ಸಾಹೇಬರ ಕೈ ಫೈಲಿನ ಮೇಲೆ ಬಂದು ಕೂತಿತು. "ಗುರುವಾರ ಸಮಿತಿ ಇದೆ, ನೆನಪಿರಲಿ."

ಅರ್ಧಗಂಟೆಯವರು ಫೈಲು ನೋಡಿದರು. ಅದರೊಳಗೆ ತಂಪು ಉಗ್ರಾಣ ಕಂಡಿತು, ಆರಾಮ ಕುರ್ಚಿ ಕಂಡಿತು. ನಿಜ ಹೇಳಿದರೆ ಇಲಾಖೆಯ ಮಾನ ಕಳೆದ ಅಪರಾಧ, ಸುಳ್ಳು ಹೇಳಿದರೆ ಮೇಲಿನವರ ಮನುಷ್ಯನೆಂಬ ಗೌರವ. ಅವರು ಕಣ್ಣುಗಳನ್ನು ಮೆಲ್ಲಗೆ ಚಾವಣಿಯ ಕಡೆ ಎತ್ತಿ, ಮತ್ತೆ ಇಳಿಸಿದರು.

"ಅಷ್ಟು ಮೇಲಿನಿಂದಲಾ!" ಎಂದು ಸಾಹೇಬರು ಉಸಿರೆಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ಅದಿರಲಿ, ನಿಮ್ಮದು ಯಾವ ಕಂಪನಿದು? ಸದ್ದು ಕಡಿಮೆನಾ?" ಎಂದು ಕೇಳಿದರು.

ಅರ್ಧಗಂಟೆಯವರು ಹೊರಬಿದ್ದ ಕೂಡಲೇ ಸಾಹೇಬರು ಹೆಡ್ಡಾಫೀಸಿನ ದೊಡ್ಡ ಸಾಹೇಬರಿಗೆ ಫೋನು ಮಾಡಿ, "ಗುರುವಾರದ ವಿಷಯ ನಮಗೆ ತಿಳಿದಿದೆ ಸಾರ್, ಸಿದ್ಧರಿದ್ದೇವೆ" ಎಂದರು. ದೊಡ್ಡ ಸಾಹೇಬರಿಗೆ ಗುರುವಾರದ ವಿಷಯ ಏನೆಂದು ಎಳ್ಳಷ್ಟೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಕೈಕೆಳಗಿನವರಿಗೆ ಹೇಳುವ ಪದ್ಧತಿ ಆ ಇಲಾಖೆಯಲ್ಲಿ ಇರಲಿಲ್ಲ. "ಗುಟ್ಟಾಗಿರಬೇಕಾದ ವಿಷಯ ನಿಮಗೆ ಹೇಗೆ ತಿಳೀತು?" ಎಂದು ಗದರಿಸಿ, ತಮಗಿಂತ ಮೇಲಿನವರು ಏನೋ ನಿರ್ಧಾರ ಮಾಡಿರಬೇಕೆಂದು ಬೆವರಿ, ಬುಧವಾರ ಬೆಳಿಗ್ಗೆ ಒಂದು ಸುತ್ತೋಲೆ ಹೊರಡಿಸಿಯೇಬಿಟ್ಟರು. ಗುರುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ನಾಲ್ಕು ದಿನ ವಿದ್ಯುತ್ ನಿಲುಗಡೆ. ಜನರೇಟರ್ ಬಳಸುವವರು ಅದರ ಕರೆಂಟು ಲೈನಿಗೆ ಹರಿದು ಕಂಬದ ಮೇಲಿನ ಲೈನ್‌ಮ್ಯಾನ್‌ಗಳ ಜೀವಕ್ಕೆ ಅಪಾಯವಾಗದಂತೆ, ಹದಿನೈದು ನಿಮಿಷ ಮೊದಲೇ ಮೇನ್ ಸ್ವಿಚ್ ಆಫ್ ಮಾಡತಕ್ಕದ್ದು. ಬಡ್ತಿ ಸಮಿತಿಯ ಸಭೆ ಸೋಮವಾರಕ್ಕೆ ಮುಂದೂಡಲ್ಪಟ್ಟಿದೆ.

ಸುತ್ತೋಲೆಯ ಕೊನೆಯ ಸಾಲನ್ನು ಓದಿ ಅರ್ಧಗಂಟೆಯವರು ತಲೆಯ ಮೇಲೆ ಕೈಹೊತ್ತರು. ಅಡುಗೆಮನೆಯ ಕ್ಯಾಲೆಂಡರಿನಿಂದ ಹುಟ್ಟಿದ ಸುಳ್ಳು ಒಂದು ಸರ್ಕಾರಿ ಮೊಹರು ಒತ್ತಿಸಿಕೊಂಡು ಅವರ ಮೇಜಿಗೇ ಬಂದಿತ್ತು. ಅದನ್ನು ಫೋನಿನಲ್ಲಿ ಜನರಿಗೆ ಓದಿ ಹೇಳುವ ಕೆಲಸವೂ ಅವರಿಗೇ ಬಿತ್ತು.

ಗುರುವಾರ ಹತ್ತಕ್ಕೆ ಹದಿನೈದು ನಿಮಿಷವಿರುವಾಗ ಮೇಷ್ಟ್ರು ಸೀಟಿ ಊದಿದರು. ಬೀದಿಯ ಎಲ್ಲ ಮನೆಗಳ ಮೇನ್ ಸ್ವಿಚ್ಚುಗಳೂ ಆಫ್ ಆದವು, ಎಲ್ಲ ಅಂಗಳಗಳಲ್ಲೂ ಜನರೇಟರುಗಳು ಬೊಬ್ಬೆಯಿಟ್ಟವು. ಕಚೇರಿಯಲ್ಲೂ ಮೇನ್ ಇಳಿಯಿತು. ಅರ್ಧಗಂಟೆಯವರು ಸೆಕೆಯಲ್ಲಿ ಫೋನಿನ ಮುಂದೆ ಕೂತರು. ಫೋನು ಹೊಡೆಯಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಕೆಟ್ಟಿದೆಯೇನೋ ಎಂದು ಎತ್ತಿ ಕಿವಿಗಿಟ್ಟು ನೋಡಿದರು, ಸರಿಯಾಗಿಯೇ ಇತ್ತು.

ಊಟಕ್ಕೆ ಮನೆಗೆ ನಡೆದವರು ಬೀದಿ ತಿರುವಿನಲ್ಲಿ ಗಕ್ಕನೆ ನಿಂತರು. ಉರಿಬಿಸಿಲಿನಲ್ಲಿ ಬೀದಿದೀಪ ಧಗಧಗ ಉರಿಯುತ್ತಿತ್ತು. ಮನೆಗೆ ಓಡಿ ಜನರೇಟರ್ ಆರಿಸಿ ಮೇನ್ ಹಾಕಿದರು. ಬಲ್ಬು ಹೊತ್ತಿತು, ಫ್ಯಾನು ತಿರುಗಿತು. ಕರೆಂಟು ಹೋಗಿರಲೇ ಇಲ್ಲ. ಹೋಗುವುದಾದರೂ ಹೇಗೆ? ತೆಗೆಯಿರಿ ಎಂದು ಸುತ್ತೋಲೆ ಎಲ್ಲರಿಗೂ ಹೋಗಿತ್ತು, ತೆಗೆಯುವವನು ಯಾರೆಂದು ಅದರಲ್ಲಿ ಬರೆದಿರಲಿಲ್ಲ. ಎಲ್ಲ ಮೇನ್‌ಗಳೂ ಆಫ್ ಆಗಿ ಬಳಸುವವರೇ ಇಲ್ಲದ್ದರಿಂದ ಅದು ಎಂದೂ ಇಲ್ಲದಷ್ಟು ಗಟ್ಟಿಯಾಗಿ ಹರಿಯುತ್ತಿತ್ತು.

ಅರ್ಧಗಂಟೆಯವರು ಹಿತ್ತಲಿಗೆ ನುಗ್ಗಿದರು. "ಮೇಷ್ಟ್ರೇ! ಕರೆಂಟ್ ಇದೆ!"

"ಏನು?" ತಮ್ಮ ಜನರೇಟರಿನ ಅಬ್ಬರದಲ್ಲಿ ಮೇಷ್ಟ್ರು ಕಿವಿಗೆ ಕೈಯಿಟ್ಟರು.

"ಕರೆಂಟ್ ಹೋಗಿಲ್ಲ! ಅಲ್ಲಿ ನೋಡಿ, ಬೀದಿದೀಪ ಉರೀತಾ ಇದೆ!"

"ಅದು ಹಗಲು ಹೊತ್ತು ಯಾವಾಗ್ಲೂ ಉರಿಯುತ್ತಲ್ಲ! ಆರೋದು ಕತ್ತಲಾದ ಮೇಲೆ!" ಎಂದು ಮೇಷ್ಟ್ರು ಕೂಗಿದರು.

"ನಮ್ಮನೆ ಫ್ಯಾನ್ ತಿರುಗ್ತಾ ಇದೆ, ಬಂದು ನೋಡಿ!"

ಮೇಷ್ಟ್ರು ಗೋಡೆ ಹತ್ತಿ ಬಂದು ನೋಡಿದರು. ಫ್ಯಾನಿನ ಕೆಳಗೆ ಅತ್ತೆಯವರು ಮಗಳ ಮದುವೆಯಾದಾಗಿನಿಂದ ಮೊದಲ ಬಾರಿಗೆ ಅಳಿಯನ ಮೇಲೆ ಪ್ರೀತಿಯಿಂದ ಕಣ್ಣು ಮುಚ್ಚಿ ಕೂತಿದ್ದರು. ಮೇಷ್ಟ್ರ ಮುಖ ಬಿಗಿಯಿತು.

"ಓಹೋ! ಊರಿಗೆಲ್ಲ ಕತ್ತಲೆ, ಇಲಾಖೆಯವರ ಮನೆಗೆ ಮಾತ್ರ ಬೇರೆ ಲೈನು!"

ಐದು ನಿಮಿಷದಲ್ಲಿ ಗೇಟಿನ ಮುಂದೆ ಜನ ಸೇರಿದರು. ಐಸ್‌ಕ್ರೀಂ ಅಂಗಡಿಯವನು ಎಲ್ಲರಿಗಿಂತ ಮುಂದಿದ್ದ. "ನಾನು ಅಂಗಡಿ ಬರಿದು ಮಾಡ್ಕೊಂಡು ಕೂತಿದ್ದೀನಿ, ಇವ್ರು ಫ್ಯಾನ್ ಹಾಕ್ಕೊಂಡು ಮಜಾ ಮಾಡ್ತಾ ಇದ್ದಾರೆ!"

"ನಿಮ್ಮನೇಲೂ ಇದೆ ಕಣ್ರಪ್ಪಾ! ಮೇನ್ ಹಾಕಿ ನೋಡಿ!" ಎಂದು ಅರ್ಧಗಂಟೆಯವರು ಬೇಡಿಕೊಂಡರು.

"ಮೇನ್ ಹಾಕಿ ಲೈನ್‌ಮ್ಯಾನ್‌ನ ಸಾಯಿಸೋಣ ಅಂತೀರಾ? ಸುತ್ತೋಲೆ ಓದಿದವರು ನೀವೇ ಅಲ್ವಾ ಸ್ವಾಮಿ?" ಎಂದರು ಮೇಷ್ಟ್ರು. ಜನರೆಲ್ಲ ಛೀ ಎಂದರು. ಇಷ್ಟು ಕೆಟ್ಟ ಮನುಷ್ಯನೊಂದಿಗೆ ಇಷ್ಟು ವರ್ಷ ಒಂದೇ ಬೀದಿಯಲ್ಲಿ ಹೇಗಿದ್ದೆವು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೆಂಡತಿ ಹೊರಗೆ ಬಂದು ಜನರನ್ನು ನೋಡಿದಳು, ಒಳಗೆ ಹೋಗಿ ಮೇನ್ ಇಳಿಸಿದಳು. ಫ್ಯಾನು ನಿಂತಿತು, ಅತ್ತೆಯವರ ಕಣ್ಣು ತೆರೆಯಿತು. ಅರ್ಧಗಂಟೆಯವರು ಎಲ್ಲರ ಕಣ್ಣೆದುರಿಗೆ ತಮ್ಮ ಜನರೇಟರಿನ ಹಗ್ಗ ಎಳೆದರು. ಅದು ಹೊತ್ತಿಕೊಂಡ ಮೇಲೆಯೇ ಜನ ಸಮಾಧಾನವಾಗಿ ಚದುರಿದ್ದು. ಮನೆತುಂಬ ಕರೆಂಟು ಇಟ್ಟುಕೊಂಡು ಅವರು ನಾಲ್ಕು ದಿನ ಪೆಟ್ರೋಲು ಸುಟ್ಟರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಮತ್ತೆ ಸೀಟಿ ಊದಿದರು. ಬೀದಿಯವರು ಮೇನ್ ಹಾಕಿದರು. ಎಲ್ಲ ಮನೆಗಳಲ್ಲೂ ಒಟ್ಟಿಗೆ ದೀಪ ಬೆಳಗಿದ್ದು ನೋಡಿ ಜನ ಚಪ್ಪಾಳೆ ತಟ್ಟಿದರು. "ಹೇಳಿದ ನಿಮಿಷಕ್ಕೆ ತೆಗೆದ್ರು, ಹೇಳಿದ ನಿಮಿಷಕ್ಕೆ ಕೊಟ್ರು. ಇಲಾಖೆ ಅಂದ್ರೆ ಹೀಗಿರಬೇಕು!" ಎಂದರು ಮೇಷ್ಟ್ರು, ಕಣ್ಣಂಚು ಒರೆಸಿಕೊಳ್ಳುತ್ತ.

ಅದೇ ದಿನ ಸಂಜೆ, ಸಮಿತಿ ಮುಗಿದ ಮೇಲೆ, ಸಾಹೇಬರು ಅರ್ಧಗಂಟೆಯವರನ್ನು ಕರೆದು ಕುರ್ಚಿ ತೋರಿಸಿದರು. ಆ ಕೋಣೆಯಲ್ಲಿ ಅವರು ಕೂತದ್ದು ಅದೇ ಮೊದಲು.

"ನಾಲ್ಕು ದಿನ ಒಂದೇ ಒಂದು ದೂರಿಲ್ಲ ಕಣ್ರೀ! ಇಲಾಖೆಯ ಚರಿತ್ರೆಯಲ್ಲೇ ಇಲ್ಲ. ದೊಡ್ಡ ಸಾಹೇಬರು ನನಗೆ ಪ್ರಶಂಸಾಪತ್ರ ಕಳಿಸಿದ್ದಾರೆ."

ಅರ್ಧಗಂಟೆಯವರಿಗೆ ತಡೆಯಲಾಗಲಿಲ್ಲ. ಐದು ದಿನ ಒಳಗೇ ಕುದಿದದ್ದು ಉಕ್ಕಿತು. "ಸಾರ್, ಕರೆಂಟ್ ಹೋಗಿರಲೇ ಇಲ್ಲ ಸಾರ್! ಎಲ್ಲಾ ನನ್ನಿಂದಲೇ ಆದದ್ದು. ನಾನು ಜನರೇಟರ್ ತಂದದ್ದು ನಮ್ಮತ್ತೆಗೆ ಸೆಕೆ ಅಂತ!"

ಸಾಹೇಬರು ಬೆಚ್ಚಲಿಲ್ಲ. "ಗೊತ್ತು. ಶುಕ್ರವಾರ ನನ್ನ ಹೆಂಡತಿ ಮರೆತು ಮೇನ್ ಹಾಕಿದ್ಲು. ಮನೆಯೆಲ್ಲ ಬೆಳಕು. ಬೈದು ಆಫ್ ಮಾಡಿಸಿದೆ. ಸುತ್ತೋಲೆ ಜಾರಿಗೆ ಬಂತು ಅಂತ ವರದಿಗೆ ಸಹಿ ಹಾಕಿದ್ದೀನಲ್ಲ, ಇನ್ನೇನು ಮಾಡಲಿ? ದೊಡ್ಡ ಸಾಹೇಬರೂ ಸಹಿ ಹಾಕಿದ್ದಾರೆ. ಇಬ್ಬರು ಸಹಿ ಹಾಕಿದ ಮೇಲೆ ಕರೆಂಟ್ ಹೋಗಿತ್ತು ಅಂತಲೇ ಅರ್ಥ. ನೀವು ಇದನ್ನ ಇನ್ನು ಬಾಯಿಗೆ ತರಬೇಡಿ."

"ಹಾಗಾದ್ರೆ ಸಾರ್... ನನ್ನ ಬಡ್ತಿ?"

"ಅದನ್ನೇ ಹೇಳೋಕೆ ಕರೆದದ್ದು. ಸಮಿತಿಯವರು ನಿಮ್ಮ ಫೈಲು ನೋಡಿ ನಕ್ಕುಬಿಟ್ರು. ದೂರೇ ಬರದ ಹಾಗೆ ನೋಡ್ಕೊಳ್ಳೋ ಮನುಷ್ಯನನ್ನ ತಂತಿ ಎಣಿಸೋಕೆ ಉಗ್ರಾಣಕ್ಕೆ ಕಳಿಸೋದಾ? ನಿಮ್ಮ ಜಾಗ ಅದೇ. ನಿವೃತ್ತಿಯವರೆಗೂ ನಿಮ್ಮನ್ನ ಅಲ್ಲಿಂದ ಯಾರೂ ಅಲ್ಲಾಡಿಸಬಾರದು ಅಂತ ಠರಾವು ಮಾಡಿದ್ದಾರೆ." ಸಾಹೇಬರು ಎದ್ದು ಅವರ ಬೆನ್ನು ತಟ್ಟಿದರು. "ಅಷ್ಟೇ ಅಲ್ಲ. ನಿಮ್ಮ ಸೇವೆ ಮೆಚ್ಚಿ ಇನ್ನೊಂದು ಫೋನು ಮಂಜೂರು ಮಾಡಿದ್ದಾರೆ."

ಅರ್ಧಗಂಟೆಯವರು ತಮ್ಮ ಮೇಜಿಗೆ ಬರುವ ಹೊತ್ತಿಗೆ ಅದು ಬಂದು ಕೂತಿತ್ತು. ಹೊಸದು, ಕೆಂಪು, ಹಳೆಯದಕ್ಕಿಂತ ಜೋರು ಗಂಟೆಯದು. ಅವರು ಕೂರುತ್ತಲೇ ಎರಡೂ ಒಟ್ಟಿಗೆ ಹೊಡೆದುಕೊಂಡವು. ಎಡಗೈಯಲ್ಲಿ ಕಪ್ಪು, ಬಲಗೈಯಲ್ಲಿ ಕೆಂಪು ಎತ್ತಿ ಎರಡು ಕಿವಿಗೂ ಇಟ್ಟರು.

"ರೀ ಸ್ವಾಮಿ, ಕರೆಂಟ್ ಹೋಯ್ತು! ಯಾವಾಗ ಬರುತ್ತೆ?" ಎಂದು ಎಡಗಿವಿಯಲ್ಲಿ ಯಾರೋ ಕಿರುಚಿದರು.

"ರೀ ಸ್ವಾಮಿ, ಎರಡು ಕ್ಯಾನು ಪೆಟ್ರೋಲ್ ಉಳಿದುಬಿಟ್ಟಿದೆ! ಮತ್ತೆ ಯಾವಾಗ ತೆಗೀತೀರಾ?" ಎಂದು ಬಲಗಿವಿಯಲ್ಲಿ ಇನ್ಯಾರೋ ಗದರಿಸಿದರು.

ಅರ್ಧಗಂಟೆಯವರು ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಏನೂ ಹೇಳಲಿಲ್ಲ. ಒಂದರ ಬಾಯಿಗೆ ಇನ್ನೊಂದರ ಕಿವಿ ಬರುವಂತೆ ಎರಡು ರಿಸೀವರುಗಳನ್ನೂ ಮೇಜಿನ ಮೇಲೆ ಜೋಡಿಸಿ ಮಲಗಿಸಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಉಗ್ರಾಣಕ್ಕೆ ಹೋಗಿ, ತಂತಿ ಸುರುಳಿಗಳ ನಡುವಿನ ಆರಾಮ ಕುರ್ಚಿಯಲ್ಲಿ ಕಾಲು ಚಾಚಿದರು.

ಆ ಇಬ್ಬರೂ ಬಹಳ ಹೊತ್ತು ಮಾತಾಡಿಕೊಂಡರಂತೆ. ಅಂದೂ ಕಚೇರಿಯಲ್ಲಿ ಒಂದು ದೂರೂ ದಾಖಲಾಗಲಿಲ್ಲ.